ರೆಪ್ಪೆಯಂಚಿನ ಉರಿಗೆ ಮನೆಯ ಆರೈಕೆ: ಓದುಗರ ಪ್ರಶ್ನೆ, ನೇತ್ರವೈದ್ಯರ ಉತ್ತರ

ಬೇಸಿಗೆ ಆರಂಭವಾದಾಗಿನಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಕಣ್ಣುರೆಪ್ಪೆಯ ತುರಿಕೆ, ಉರಿ, ಗೀಜುಗಳ ವಿಚಾರವೇ ಹೆಚ್ಚಾಗಿದೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಅಂಥ ಕೆಲವು ಪತ್ರಗಳಿಗೆ ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 43. ಮೂರು ವರ್ಷಗಳಿಂದ ನನ್ನ ಎರಡೂ ಕಣ್ಣುಗಳ ರೆಪ್ಪೆಯಂಚು ಕೆಂಪಗಾಗಿ ಉರಿಯುತ್ತದೆ. ಬೆಳಿಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆ, ರೆಪ್ಪೆಗೂದಲಿನ ಬುಡದಲ್ಲಿ ತಲೆಹೊಟ್ಟಿನಂಥ ಪುಡಿ ಕಾಣುತ್ತದೆ, ಕಣ್ಣಿಗೆ ಮರಳು ಬಿದ್ದಂತೆ ಚುಚ್ಚುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಿದರೆ ನಾಲ್ಕು ದಿನ ತಣ್ಣಗಿರುತ್ತದೆ, ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ ಇವುಗಳಲ್ಲಿ ಯಾವುದಾದರೂ ಒಂದನ್ನು ಹಾಕಿಕೊಳ್ಳುವಂತೆ ನಮ್ಮ ಅತ್ತೆಯವರು ಹೇಳುತ್ತಾರೆ. ಔಷಧಿಯ ಗೊಡವೆಯಿಲ್ಲದೆ ಸಹಜ ವಿಧಾನದಿಂದಲೇ ಇದನ್ನು ವಾಸಿಮಾಡಿಕೊಳ್ಳಲು ಸಾಧ್ಯವೇ?

ಉತ್ತರ: ನೀವು ಬರೆದಿರುವ ಲಕ್ಷಣಗಳು ರೆಪ್ಪೆಯಂಚಿನ ದೀರ್ಘಕಾಲದ ಉರಿಯೂತಕ್ಕೆ, ಅಂದರೆ ವೈದ್ಯರು ಬ್ಲೆಫರೈಟಿಸ್ ಎಂದು ಕರೆಯುವ ತೊಂದರೆಗೆ, ಬಹುಮಟ್ಟಿಗೆ ಹೊಂದುತ್ತವೆ. ಪತ್ರ ಓದಿ ರೋಗವನ್ನು ನಿರ್ಧರಿಸುವುದು ತರವಲ್ಲವಾದ್ದರಿಂದ ಒಮ್ಮೆ ನೇತ್ರವೈದ್ಯರಲ್ಲಿ ಸ್ಲಿಟ್ ಲ್ಯಾಂಪ್ ಪರೀಕ್ಷೆ ಮಾಡಿಸಿಕೊಳ್ಳಿ. ಐದು ನಿಮಿಷದ ಆ ಪರೀಕ್ಷೆಯಲ್ಲಿ ರೆಪ್ಪೆಗೂದಲಿನ ಬುಡ, ರೆಪ್ಪೆಯ ಎಣ್ಣೆಗ್ರಂಥಿಗಳ ಬಾಯಿ ಮತ್ತು ಕಣ್ಣೀರಿನ ಪದರ ಮೂರೂ ಸ್ಪಷ್ಟವಾಗಿ ಕಾಣುತ್ತವೆ. ಇದು ಮದ್ರಾಸ್ ಐ ಅಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೂ ಅಲ್ಲ. ತರಗತಿಯಲ್ಲಿ ಮಕ್ಕಳಿಂದ ದೂರ ನಿಲ್ಲಬೇಕೇ ಎಂಬ ಸಂಕೋಚವಿದ್ದರೆ ಅದನ್ನು ಇಂದೇ ಬಿಟ್ಟುಬಿಡಿ.

ವಾಸಿಯಾಗುತ್ತದೆಯೇ ಎಂಬುದಕ್ಕೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಒಮ್ಮೆ ಔಷಧಿ ತೆಗೆದುಕೊಂಡು ಮತ್ತೆಂದೂ ಬಾರದಂತೆ ಮಾಡುವ ಚಿಕಿತ್ಸೆ ಈ ತೊಂದರೆಗೆ ಇಲ್ಲ. ಬ್ಲೆಫರೈಟಿಸ್ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯೂ ಇದನ್ನೇ ಹೇಳಿತು. ಬೇರುಸಹಿತ ಗುಣಪಡಿಸುವ ಔಷಧಿ ಯಾವುದೂ ಸಿಗಲಿಲ್ಲ, ರೆಪ್ಪೆಯ ಶುಚಿತ್ವದಿಂದ ರೋಗಿಗಳಿಗೆ ಉಪಶಮನ ಸಿಗಬಹುದೆಂದು ಕಂಡಿತು. ಆದರೆ ಇದರ ಇನ್ನೊಂದು ಮುಖ ನಿಮಗೆ ಸಮಾಧಾನ ತರುವಂಥದ್ದು. ಈ ತೊಂದರೆಯ ಮುಖ್ಯ ಚಿಕಿತ್ಸೆ ನೀವು ಕೇಳುತ್ತಿರುವ ಸಹಜ ವಿಧಾನವೇ ಆಗಿದೆ. ಬಿಸಿನೀರು, ಶುಭ್ರವಾದ ಬಟ್ಟೆ, ನಿಮ್ಮದೇ ಬೆರಳು ಮತ್ತು ದಿನಕ್ಕೆ ಹದಿನೈದು ನಿಮಿಷದ ಸಮಯ ಇಷ್ಟರಿಂದಲೇ ಬಹುಪಾಲು ಜನರ ಉರಿ ಹತೋಟಿಗೆ ಬರುತ್ತದೆ.

ಬಿಸಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ತಿಳಿದುಕೊಂಡರೆ ಬೇಸರವಿಲ್ಲದೆ ಮಾಡುತ್ತೀರಿ. ನಮ್ಮ ಮೇಲಿನ ರೆಪ್ಪೆಯೊಳಗೆ ಸುಮಾರು 25ರಿಂದ 40, ಕೆಳಗಿನ ರೆಪ್ಪೆಯೊಳಗೆ 20ರಿಂದ 30 ಎಣ್ಣೆಗ್ರಂಥಿಗಳು ಸಾಲಾಗಿ ನಿಂತಿವೆ. 1666ರಲ್ಲಿ ಅವುಗಳನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್‌ರಿಖ್ ಮೈಬೋಮ್ ಅವರ ನೆನಪಿಗೆ ಮೈಬೋಮಿಯನ್ ಗ್ರಂಥಿಗಳೆಂದು ಅವುಗಳನ್ನು ಕರೆಯುತ್ತಾರೆ. ನಾವು ಪ್ರತಿ ಸಲ ರೆಪ್ಪೆ ಬಡಿದಾಗಲೂ ಇವು ತೆಳುವಾದ ಎಣ್ಣೆಯನ್ನು ಹೊರಬಿಡುತ್ತವೆ, ಆ ಎಣ್ಣೆ ಕಣ್ಣೀರಿನ ಮೇಲೆ ಹರಡಿಕೊಂಡು ಅದು ಬೇಗ ಆರಿಹೋಗದಂತೆ ಕಾಯುತ್ತದೆ. ಕಾರಣಾಂತರದಿಂದ ಈ ಎಣ್ಣೆ ದಪ್ಪಗಾದರೆ, ಪುಷ್ಯದ ಚಳಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯ ಕೊರಳಿನಲ್ಲಿ ಗಟ್ಟಿಯಾಗಿ ನಿಲ್ಲುವಂತೆ, ಗ್ರಂಥಿಯ ಬಾಯಲ್ಲೇ ನಿಂತುಬಿಡುತ್ತದೆ. ಆಗ ಕಣ್ಣೀರು ಆರುತ್ತದೆ, ಮರಳು ಚುಚ್ಚಿದಂತಾಗುತ್ತದೆ. ನಿಂತ ಎಣ್ಣೆಯನ್ನು ರೆಪ್ಪೆಯ ಮೇಲೆ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳು ಒಡೆದು ಚರ್ಮವನ್ನು ಕೆರಳಿಸುವ ಕೊಬ್ಬಿನ ಆಮ್ಲಗಳನ್ನು ಉಂಟುಮಾಡುತ್ತವೆ. ಅಂಚು ಊದಿಕೊಳ್ಳುತ್ತದೆ, ಊದಿದ ಅಂಚು ಗ್ರಂಥಿಯ ಬಾಯಿಯನ್ನು ಇನ್ನಷ್ಟು ಮುಚ್ಚುತ್ತದೆ. ಹನಿ ಹಾಕಿದಾಗ ಕೆಂಪು ಇಳಿಯುತ್ತದೆ, ಆದರೆ ಗಟ್ಟಿಯಾದ ಎಣ್ಣೆ ಇದ್ದಲ್ಲೇ ಇರುತ್ತದೆ. ನಿಮ್ಮ ಉರಿ ಹನಿ ಬಿಟ್ಟೊಡನೆ ಮರಳಿ ಬರುತ್ತಿರುವುದು ಈ ಕಾರಣಕ್ಕೇ ಇರಬೇಕು.

ಈಗ ಕಾವು ಕೊಡುವ ಬಗೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ ರೆಪ್ಪೆಗೆ ಐದರಿಂದ ಹತ್ತು ನಿಮಿಷ ಬಿಡದೆ ತಲುಪಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬಟ್ಟೆಯನ್ನು ಒಮ್ಮೆ ಬಿಸಿನೀರಿನಲ್ಲಿ ಅದ್ದಿ ಕಣ್ಣಿನ ಮೇಲಿಟ್ಟು ಹತ್ತು ನಿಮಿಷ ಮಲಗುತ್ತಾರೆ, ಆದರೆ ಆ ಬಟ್ಟೆ ಎರಡು ನಿಮಿಷಕ್ಕೆ ತಣ್ಣಗಾಗಿರುತ್ತದೆ. ಉಳಿದ ಎಂಟು ನಿಮಿಷ ತಣ್ಣೀರು ಬಟ್ಟೆ ಇಟ್ಟುಕೊಂಡಂತೆಯೇ ಸರಿ. ಹಳೆಯ ಮೆತ್ತನೆಯ ಹತ್ತಿಯ ಪಂಚೆಯನ್ನು ಅಂಗೈಯಗಲದ ನಾಲ್ಕೈದು ತುಂಡು ಮಾಡಿ, ಒಗೆದು ಬಿಸಿಲಿಗೆ ಒಣಗಿಸಿಟ್ಟುಕೊಳ್ಳಿ. ಮುಚ್ಚಳವಿರುವ ಪಾತ್ರೆಯಲ್ಲಿ ಬಿಸಿನೀರಿಟ್ಟುಕೊಂಡು ಒಂದು ತುಂಡು ಕಣ್ಣಿನ ಮೇಲಿರುವಾಗ ಇನ್ನೊಂದು ನೀರಿನಲ್ಲಿರುವಂತೆ ನೋಡಿಕೊಂಡು, ಎರಡು ನಿಮಿಷಕ್ಕೊಮ್ಮೆ ಬದಲಿಸುತ್ತಿರಿ. ಪ್ರತಿ ತುಂಡನ್ನೂ ಚೆನ್ನಾಗಿ ಹಿಂಡಿ, ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ಹಿತವಾಗಿದೆಯೆಂದು ಖಚಿತವಾದ ಮೇಲೆಯೇ ಮುಚ್ಚಿದ ಕಣ್ಣಿನ ಮೇಲಿಡಿ. ರೆಪ್ಪೆಯ ಚರ್ಮ ನಮ್ಮ ಮೈಯಲ್ಲೇ ಅತಿ ತೆಳುವಾದದ್ದು, ಹೆಚ್ಚು ಬಿಸಿಯಾದರೆ ಬೇಗ ಸುಡುತ್ತದೆ. ಬಟ್ಟೆಯನ್ನು ಕಣ್ಣುಗುಡ್ಡೆಯ ಮೇಲೆ ಒತ್ತಿ ಹಿಡಿಯಬೇಡಿ, ಅದರ ಭಾರವೇ ಸಾಕು.

ಕಾವು ಮುಗಿದ ಕೂಡಲೇ, ಎಣ್ಣೆ ಇನ್ನೂ ಕರಗಿರುವಾಗಲೇ, ನೀವುವ ಕೆಲಸ. ಕೈ ತೊಳೆದು, ಉಗುರು ತಾಗದಂತೆ ತೋರುಬೆರಳಿನ ಮೆತ್ತನೆಯ ಭಾಗದಿಂದ ಮೇಲಿನ ರೆಪ್ಪೆಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನ ರೆಪ್ಪೆಯನ್ನು ಕೆಳಗಿನಿಂದ ಮೇಲಕ್ಕೆ, ಅಂದರೆ ಎರಡನ್ನೂ ರೆಪ್ಪೆಗೂದಲಿನ ಕಡೆಗೆ, ಮೂಗಿನ ಬದಿಯಿಂದ ಕಿವಿಯ ಬದಿಯವರೆಗೆ ನಾಲ್ಕೈದು ಸಲ ಹಗುರವಾಗಿ ನೀವಿರಿ. ಕ್ಷಣಕಾಲ ದೃಷ್ಟಿ ಮಂಜಾದರೆ ಹೆದರಬೇಡಿ, ಕರಗಿದ ಎಣ್ಣೆ ಹೊರಬಂದಾಗ ಹಾಗಾಗುತ್ತದೆ. ಕೊನೆಗೆ ತೊಳೆಯುವುದು. ಕುದಿಸಿ ಆರಿಸಿದ ನೀರಿನ ಹತ್ತು ಪಾಲಿಗೆ ಮಕ್ಕಳ ಶಾಂಪೂವಿನ ಒಂದು ಪಾಲು ಬೆರೆಸಿ, ಹತ್ತಿಯ ಕಡ್ಡಿಯನ್ನು ಅದರಲ್ಲಿ ಅದ್ದಿ ಹಿಂಡಿ, ಕನ್ನಡಿಯ ಮುಂದೆ ನಿಂತು ಕೂದಲಿನ ಬುಡದಲ್ಲಿರುವ ಪುಡಿಯನ್ನು ಒರೆಸಿ ತೆಗೆಯಿರಿ. ಒಂದು ಕಣ್ಣಿಗೆ ಬಳಸಿದ ಕಡ್ಡಿಯನ್ನು ಇನ್ನೊಂದಕ್ಕೆ ಬಳಸಬೇಡಿ. ಶಾಂಪೂವಿನಿಂದ ಕೆಲವರಿಗೆ ಒಣಗಿದಂತೆನಿಸುತ್ತದೆ, ಅಂಥವರಿಗೆ ಬರಿಯ ಕುದಿಸಿ ಆರಿಸಿದ ನೀರೇ ಒಳ್ಳೆಯದು. ರೆಪ್ಪೆ ಶುಚಿಗೊಳಿಸಲೆಂದೇ ತಯಾರಾದ ಒರೆಸುವ ಹಾಳೆಗಳೂ ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ಅನುಕೂಲವಿದ್ದವರು ಅವನ್ನು ಬಳಸಬಹುದು, ಆದರೆ ಅವಿಲ್ಲದಿದ್ದರೆ ಚಿಕಿತ್ಸೆಯೇ ಇಲ್ಲವೆಂದು ಭಾವಿಸಬೇಕಿಲ್ಲ.

ಉರಿ ಹೆಚ್ಚಿರುವಾಗ ಇದನ್ನು ಬೆಳಿಗ್ಗೆ ಮತ್ತು ಮಲಗುವ ಮುನ್ನ ಎರಡು ಹೊತ್ತು ಮಾಡಿ. ಮೂರು ದಿನಕ್ಕೆ ಫಲ ಕಾಣದೆಂದು ಕೈಬಿಡಬೇಡಿ. ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ. ಕಡಿಮೆಯಾದ ಮೇಲೆ ದಿನಕ್ಕೊಮ್ಮೆ ಸಾಕು, ಆದರೆ ಅದನ್ನು ಹಲ್ಲುಜ್ಜುವಂತೆ ನಿತ್ಯದ ಕೆಲಸವಾಗಿ ಇಟ್ಟುಕೊಳ್ಳಿ. ನಾನು ವೃತ್ತಿಗೆ ಬಂದ ಮೊದಲ ವರ್ಷಗಳಲ್ಲಿ, ಹೊರಗೆ ಸಾಲು ದೊಡ್ಡದಿರುತ್ತದೆಂದು, ಹನಿಯ ಹೆಸರು ಬರೆದುಕೊಟ್ಟು ‘ಬಿಸಿನೀರಿನ ಕಾವು ಕೊಡಿ’ ಎಂದು ಬಾಯಲ್ಲಿ ಹೇಳಿ ಕಳುಹಿಸುತ್ತಿದ್ದೆ. ಅದೇ ಜನ ಎರಡು ತಿಂಗಳಿಗೆ ಅದೇ ತೊಂದರೆ ಹೊತ್ತು ಮರಳಿ ಬರುತ್ತಿದ್ದರು. ಕಾವು ಕೊಟ್ಟಿರಾ ಎಂದರೆ ಕೊಟ್ಟೆವು ಎನ್ನುತ್ತಿದ್ದರು, ಹೇಗೆ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಈಗ ನನ್ನ ಕೋಣೆಯಲ್ಲೇ ಬಟ್ಟೆಯಿಟ್ಟು ತೋರಿಸಿ, ಅವರ ಕೈಯಿಂದಲೇ ಒಮ್ಮೆ ಮಾಡಿಸುತ್ತೇನೆ. ಔಷಧಿಯ ಚೀಟಿಗಿಂತ ಆ ಹತ್ತು ನಿಮಿಷ ಹೆಚ್ಚು ಉಪಯೋಗಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ, ಆದ್ದರಿಂದಲೇ ಇಲ್ಲಿ ಇಷ್ಟು ವಿವರವಾಗಿ ಬರೆದೆ.

ನಿಮ್ಮ ಅತ್ತೆಯವರ ಸಲಹೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಣ್ಣುಕುಟಿಕೆ ಎದ್ದಾಗ ಅಂಗೈಗೆ ಬೆರಳು ಉಜ್ಜಿ, ಆ ಬಿಸಿಯನ್ನು ರೆಪ್ಪೆಗೆ ಮುಟ್ಟಿಸುತ್ತಿದ್ದ ನಮ್ಮ ಅಜ್ಜಿಯರು ಸರಿಯಾದ ದಾರಿಯಲ್ಲೇ ಇದ್ದರು. ಸುಶ್ರುತ ಸಂಹಿತೆಯ ಉತ್ತರತಂತ್ರ 76 ನೇತ್ರರೋಗಗಳನ್ನು ಎಣಿಸಿ ಅವುಗಳಲ್ಲಿ 21ನ್ನು ರೆಪ್ಪೆಗೇ ಸೇರಿಸಿದೆ, ರೆಪ್ಪೆಯ ತೊಂದರೆಗಳಿಗೆ ಕಾವು ಕೊಡುವ ಕ್ರಮವನ್ನೂ ಹೇಳಿದೆ. ಆದರೆ ಒಂದು ಗೆರೆಯನ್ನು ಮನೆಮಂದಿಯೆಲ್ಲ ನೆನಪಿಡಬೇಕು. ಮುಚ್ಚಿದ ರೆಪ್ಪೆಯ ಹೊರಗೆ ಮಾಡುವ ಆರೈಕೆ ಬೇರೆ, ಕಣ್ಣಿನೊಳಗೆ ಬಿಡುವ ವಸ್ತು ಬೇರೆ. ತೊಳೆದ ನಂದಿಬಟ್ಟಲು ಹೂವನ್ನು ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಂಡರೆ ತಂಪೆನಿಸಬಹುದು, ಕೆಡುಕೇನಿಲ್ಲ. ಅದರ ರಸವನ್ನು ಕಣ್ಣಿಗೆ ಹಿಂಡಬೇಡಿ, ಏಕೆಂದರೆ ಆ ಗಿಡದ ತೊಟ್ಟಿನಲ್ಲಿ, ಎಲೆಯಲ್ಲಿ ಕಣ್ಣನ್ನು ಕೆರಳಿಸುವ ಹಾಲಿರುತ್ತದೆ. ಇದೇ ಸಂದರ್ಭದಲ್ಲಿ ಎಕ್ಕದ ಹಾಲಿನ ಬಗ್ಗೆಯೂ ಎಚ್ಚರಿಸುತ್ತೇನೆ. ಆಂಜನೇಯನಿಗೆ ಎಕ್ಕದ ಹೂವಿನ ಹಾರ ಕಟ್ಟಿದ ಕೈಯಲ್ಲೇ ಕಣ್ಣುಜ್ಜಿಕೊಂಡರೆ ಕಣ್ಣಿನ ಪಾರದರ್ಶಕ ಪಟಲವಾದ ಕಾರ್ನಿಯಾ ಊದಿ ದೃಷ್ಟಿ ಮಂಜಾಗುತ್ತದೆ. ನೋವು ಕಡಿಮೆಯಿರುವುದರಿಂದ ಜನ ತಡವಾಗಿ ಬರುತ್ತಾರೆ. ಹೂ ಕಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲೇಬೇಕು.

ಹರಳೆಣ್ಣೆಯ ವಿಷಯದಲ್ಲಿ ಅತ್ತೆಯವರ ಮಾತಿಗೆ ಸ್ವಲ್ಪ ಆಧಾರವಿದೆ. ಶುದ್ಧೀಕರಿಸಿದ ಹರಳೆಣ್ಣೆಯನ್ನು ರೆಪ್ಪೆಯಂಚಿಗೆ ಹಚ್ಚಿ ನೋಡಿದ ಸಣ್ಣ ಪ್ರಯೋಗಗಳಲ್ಲಿ ಕೆಲವರಿಗೆ ಉಪಶಮನ ಕಂಡಿದೆ. ಆದರೆ ಗಾಣದಿಂದ ತಂದು ಅಡುಗೆಮನೆಯ ಗಿಂಡಿಯಲ್ಲಿ ವರ್ಷಗಟ್ಟಲೆ ಇಟ್ಟ ಎಣ್ಣೆ ಅದಲ್ಲ. ಜೇನುತುಪ್ಪವೂ ಹಾಗೆಯೇ. ಸಂಶೋಧನೆಯಲ್ಲಿ ಬಳಸುವುದು ಕ್ರಿಮಿಶುದ್ಧಗೊಳಿಸಿದ, ವೈದ್ಯಕೀಯ ದರ್ಜೆಯ ಜೇನು. ಡಬ್ಬಿಯ ಜೇನನ್ನು ಕಣ್ಣಿಗೆ ಹಾಕಿದರೆ ಉರಿಯೂ ಸೋಂಕೂ ಸಾಧ್ಯ. ಎದೆಹಾಲು, ಬೆಳಗಿನ ಉಗುಳು, ಮನೆಯಲ್ಲೇ ಕಾಯಿಸಿ ಸೋಸಿದ ತ್ರಿಫಲಾ ಕಷಾಯ ಇವುಗಳನ್ನೂ ಕಣ್ಣಿನೊಳಗೆ ಬಿಡಬಾರದು. ಆಯುರ್ವೇದ ಚಿಕಿತ್ಸೆಯಲ್ಲಿ ನಂಬಿಕೆಯಿದ್ದವರು ಪದವೀಧರ ವೈದ್ಯರ ಕಣ್ಗಾವಲಿನಲ್ಲಿ ಪಡೆಯಲಿ.

ಕೊನೆಯದಾಗಿ ಆ ಹನಿಯ ಮಾತು. ನಾಲ್ಕೇ ದಿನದಲ್ಲಿ ಕಣ್ಣನ್ನು ತಣ್ಣಗೆ ಮಾಡಿದ ಹನಿಯಲ್ಲಿ ಸ್ಟೀರಾಯ್ಡ್ ಇರುವ ಸಂಭವ ಹೆಚ್ಚು. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರುಗಳಿವೆಯೇ ಎಂದು ನೋಡಿ. ಕೆಲವು ದಿನ, ವೈದ್ಯರ ಅಳತೆಯಲ್ಲಿ ಇವು ಒಳ್ಳೆಯ ಔಷಧಿಗಳು. ತಿಂಗಳುಗಟ್ಟಲೆ ತಾವಾಗಿಯೇ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಕಣ್ಣಿನ ಪೊರೆಯೂ ಬೇಗ ಬೆಳೆಯುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಮೂರು ವರ್ಷ ಆಗಾಗ ಬಳಸಿದ್ದೀರಾದ್ದರಿಂದ ಪರೀಕ್ಷೆಗೆ ಹೋಗುವಾಗ ಆ ಬಾಟಲಿಯನ್ನೂ ಕೊಂಡೊಯ್ದು, ಕಣ್ಣಿನ ಒತ್ತಡವನ್ನು ಅಳೆಸಿಕೊಳ್ಳಿ. ಕಾವು ಮತ್ತು ಶುಚಿತ್ವದಿಂದ ಆರು ವಾರಗಳಲ್ಲಿ ತೃಪ್ತಿಕರವಾಗಿ ಇಳಿಯದಿದ್ದರೆ ಅಜಿಥ್ರೋಮೈಸಿನ್ ಅಥವಾ ಡಾಕ್ಸಿಸೈಕ್ಲಿನ್‌ನಂಥ ಔಷಧಿಯನ್ನು ವೈದ್ಯರು ಸೇರಿಸಬಹುದು. ಅದನ್ನು ನಿರಾಕರಿಸಬೇಡಿ.

ಪ್ರಶ್ನೆ: ನನಗೆ 68 ವರ್ಷ, ಹೊಸದುರ್ಗ ತಾಲ್ಲೂಕಿನ ತೆಂಗು ಬೆಳೆಗಾರ. ಬಲಗಣ್ಣಿನ ಮೇಲಿನ ರೆಪ್ಪೆಯಲ್ಲಿ ಗಂಟೆದ್ದು, ಎರಡು ಸಲ ಕೊಯ್ದು ತೆಗೆಸಿದರೂ ಅದೇ ಜಾಗದಲ್ಲಿ ಮತ್ತೆ ಬಂದಿದೆ. ನೋವಿಲ್ಲ, ಆದರೆ ಅಲ್ಲಿನ ರೆಪ್ಪೆಗೂದಲು ಉದುರಿಹೋಗಿದೆ. ಅರಿಶಿನ ತೇಯ್ದು ಹಚ್ಚಿದರೆ ಕರಗುತ್ತದೆಯೇ?

ಉತ್ತರ: ದಯವಿಟ್ಟು ಅರಿಶಿನಕ್ಕಾಗಿ ಒಂದು ದಿನವನ್ನೂ ಕಳೆಯಬೇಡಿ. ಈ ವಾರವೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ನೇತ್ರವಿಭಾಗಕ್ಕೆ ಹೋಗಿ. ಎಣ್ಣೆಗ್ರಂಥಿ ಕಟ್ಟಿಕೊಂಡು ಏಳುವ ಸಾಮಾನ್ಯ ಗಂಟು ಕಾವಿಗೆ ಕರಗುತ್ತದೆ ಅಥವಾ ಒಮ್ಮೆ ತೆಗೆದರೆ ಮುಗಿಯುತ್ತದೆ. ಹಿರಿಯರಲ್ಲಿ, ಒಂದೇ ಕಣ್ಣಿನಲ್ಲಿ, ಅದೇ ಜಾಗದಲ್ಲಿ ಮರಳಿ ಮರಳಿ ಬರುವ, ಕೂದಲು ಉದುರಿಸುವ ಗಂಟು ಅದೇ ಎಣ್ಣೆಗ್ರಂಥಿಯ ಕ್ಯಾನ್ಸರ್ ಆಗಿರುವ ಸಾಧ್ಯತೆಯಿದೆ. ರೆಪ್ಪೆಯ ಕ್ಯಾನ್ಸರ್‌ಗಳಲ್ಲಿ ಈ ಬಗೆಯ ಪಾಲು ಪಾಶ್ಚಾತ್ಯ ದೇಶಗಳಿಗಿಂತ ನಮ್ಮ ದೇಶದಲ್ಲಿ ಹೆಚ್ಚು. ನಿಮಗೆ ಅದೇ ಆಗಿದೆಯೆಂದು ನಾನು ಹೇಳುತ್ತಿಲ್ಲ, ಆದರೆ ತುಂಡು ತೆಗೆದು ಬಯಾಪ್ಸಿ ಮಾಡದೆ ಅಲ್ಲವೆಂದು ಯಾರೂ ಹೇಳಲಾರರು. ಹಿಂದೆ ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸಿದ್ದರೆ ಆ ವರದಿಯನ್ನು ಜೊತೆಗೊಯ್ಯಿರಿ, ಕಳುಹಿಸದಿದ್ದರೆ ಈ ಸಲ ಕಳುಹಿಸುವಂತೆ ನೀವಾಗಿಯೇ ಕೇಳಿ. ಬೇಗ ಗುರುತಿಸಿದರೆ ಕಣ್ಣನ್ನೂ ಜೀವವನ್ನೂ ಉಳಿಸಿಕೊಳ್ಳಬಹುದಾದ ರೋಗವಿದು. ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಚಳ್ಳಕೆರೆಯ ಯುವಕ, ವಯಸ್ಸು 26. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ತಲೆಯಲ್ಲಿ, ಹುಬ್ಬಿನಲ್ಲಿ ಹೊಟ್ಟಿದೆ, ರೆಪ್ಪೆಯೂ ತುರಿಸುತ್ತದೆ. ರೆಪ್ಪೆಗೂದಲಿನಲ್ಲಿ ಹುಳುಗಳಿರುತ್ತವೆ, ಅದಕ್ಕೆ ಟೀ ಟ್ರೀ ಎಣ್ಣೆ ಹಚ್ಚಬೇಕು ಎಂದು ಮೊಬೈಲಿನ ವಿಡಿಯೋ ಒಂದರಲ್ಲಿ ನೋಡಿ, ಒಂದು ಬಾಟಲಿ ತರಿಸಿದ್ದೇನೆ. ಹಚ್ಚಬಹುದೇ?

ಉತ್ತರ: ಬಾಟಲಿಯ ಎಣ್ಣೆಯನ್ನು ನೇರವಾಗಿ ಹಚ್ಚಲೇಬೇಡಿ. ಹುಳುಗಳ ಮಾತು ಸುಳ್ಳಲ್ಲ. ಡೆಮೊಡೆಕ್ಸ್ ಎಂಬ, ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಉದ್ದದ, ಬರಿಗಣ್ಣಿಗೆ ಕಾಣದ ಜೀವಿಗಳು ಕೂದಲಿನ ಬುಡದಲ್ಲಿ ವಾಸಿಸುತ್ತವೆ. ಆರೋಗ್ಯವಂತರಲ್ಲೂ ಇರುತ್ತವೆ, ವಯಸ್ಸಾದಂತೆ ಹೆಚ್ಚುತ್ತವೆ. ಸಂಖ್ಯೆ ಮಿತಿಮೀರಿದಾಗ ಮಾತ್ರ ಪ್ರತಿ ಕೂದಲಿನ ಬುಡಕ್ಕೂ ಕೊಳವೆಯಂತೆ ಸುತ್ತಿಕೊಂಡ ಮೇಣದಂಥ ಹೊಟ್ಟು ಕಾಣಿಸುತ್ತದೆ, ಸ್ಲಿಟ್ ಲ್ಯಾಂಪಿನಲ್ಲಿ ಅದನ್ನು ನೋಡಿಯೇ ವೈದ್ಯರು ಗುರುತಿಸುತ್ತಾರೆ. ಆಸ್ಟ್ರೇಲಿಯಾ ಮೂಲದ ಟೀ ಟ್ರೀ ಗಿಡದ ಎಣ್ಣೆಯಲ್ಲಿರುವ ಟರ್ಪಿನೆನ್-4-ಓಲ್ ಎಂಬ ಅಂಶ ಈ ಜೀವಿಗಳನ್ನು ಕೊಲ್ಲುವುದು ನಿಜ. ಅದೇ ಎಣ್ಣೆ ಬೆರಕೆಯಿಲ್ಲದೆ ತಾಗಿದರೆ ರೆಪ್ಪೆಯನ್ನೂ ಕಾರ್ನಿಯಾವನ್ನೂ ಸುಡುವುದೂ ಅಷ್ಟೇ ನಿಜ. ಮನೆಯಲ್ಲಿ ಹದಮಾಡಿಕೊಳ್ಳಲು ಹೋಗಬೇಡಿ. ಪರೀಕ್ಷೆಯಲ್ಲಿ ಡೆಮೊಡೆಕ್ಸ್ ಖಚಿತವಾದರೆ ಅಳತೆ ಮಾಡಿ ತಯಾರಿಸಿದ ರೆಪ್ಪೆಯ ಒರೆಸುಹಾಳೆಗಳಿವೆ. ಇದಕ್ಕೆಂದೇ ಇರುವ ಲೋಟಿಲಾನರ್ ಎಂಬ ಹನಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆತಿದೆ. ನಿಮ್ಮ ವಯಸ್ಸಿನಲ್ಲಿ, ನೀವು ಹೇಳುವ ಲಕ್ಷಣಗಳಲ್ಲಿ, ಹುಳುಗಳಿಗಿಂತ ತಲೆಹೊಟ್ಟಿನ ಮೇಲೆಯೇ ನನ್ನ ಅನುಮಾನ ಹೆಚ್ಚು.

ತಲೆ, ಹುಬ್ಬು, ಮೂಗಿನ ಪಕ್ಕ ಮತ್ತು ರೆಪ್ಪೆ ಇವೆಲ್ಲ ಎಣ್ಣೆ ಹೆಚ್ಚು ಸ್ರವಿಸುವ ಜಾಗಗಳು. ಅಲ್ಲಿ ವಾಸಿಸುವ ಮ್ಯಾಲಸೀಜಿಯಾ ಎಂಬ ಯೀಸ್ಟ್ ಎಣ್ಣೆಯನ್ನೇ ಉಂಡು ಬೆಳೆಯುತ್ತದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯವರಿಗೆ ಹೀಗೆ ಹೇಳುವುದು ಕಷ್ಟವಾದರೂ, ಹೊಟ್ಟಿರುವಾಗ ರಾತ್ರಿಯಿಡೀ ತಲೆಗೆ ಎಣ್ಣೆ ಹಚ್ಚಿಟ್ಟುಕೊಳ್ಳಬೇಡಿ. ಕೀಟೊಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆ ಎರಡು ಸಲ ತಲೆಗೆ ಹಚ್ಚಿ, ಐದು ನಿಮಿಷ ಬಿಟ್ಟು, ಕಣ್ಣು ಮುಚ್ಚಿಕೊಂಡು ತೊಳೆಯಿರಿ. ಅದನ್ನು ರೆಪ್ಪೆಗೆ ಹಚ್ಚಬಾರದು. ರೆಪ್ಪೆಗೆ ಮೇಲೆ ಶಿಕ್ಷಕಿಯವರಿಗೆ ಹೇಳಿದ ಕ್ರಮವೇ ಸಾಕು. ತಲೆಯ ಹೊಟ್ಟು ಇಳಿದರೆ ರೆಪ್ಪೆಯ ತುರಿಕೆಯೂ ಇಳಿಯುವುದನ್ನು ನೀವೇ ಗಮನಿಸುವಿರಿ.

ಕಂಪ್ಯೂಟರಿನ ಪಾತ್ರವೂ ಇದೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲ ರೆಪ್ಪೆ ಬಡಿದರೆ, ಪರದೆ ನೋಡುವಾಗ ಅದರ ಅರ್ಧದಷ್ಟೂ ಬಡಿಯುವುದಿಲ್ಲ, ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ರೆಪ್ಪೆ ಪೂರ್ತಿ ಮುಚ್ಚಿದಾಗ ಮಾತ್ರ ಎಣ್ಣೆ ಹೊರಬರುತ್ತದೆ ಎಂಬುದು ನೆನಪಿರಲಿ. ಚಳ್ಳಕೆರೆಯ ಒಣಹವೆಗೆ ಫ್ಯಾನಿನ ಅಥವಾ ಕೂಲರಿನ ಗಾಳಿಯೂ ಸೇರಿ ನೇರವಾಗಿ ಮುಖಕ್ಕೆ ಬೀಸಿದರೆ ಕಣ್ಣೀರು ಉಳಿಯುವುದಾದರೂ ಹೇಗೆ? ಗಾಳಿ ಪಕ್ಕದಿಂದ ಬರುವಂತೆ ಮೇಜು ತಿರುಗಿಸಿ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿಡಿ, ಆಗ ರೆಪ್ಪೆ ಕಡಿಮೆ ತೆರೆದಿರುತ್ತದೆ. 20 ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರ ನೋಡಿ, ಹತ್ತು ಸಲ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ.

ಪ್ರಶ್ನೆ: ನಾನು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೊಗೆ, ಹೊಟ್ಟಿನ ಧೂಳು, ಬೆಂಕಿಯ ಝಳದಿಂದ ಕಣ್ಣು ಸದಾ ಕೆಂಪಗಿರುತ್ತದೆ, ರೆಪ್ಪೆ ದಪ್ಪಗಾಗಿದೆ. ಆಸ್ಪತ್ರೆಯಲ್ಲಿ ಬಿಸಿ ಕಾವು ಕೊಡಿ ಎಂದರು. ದಿನವಿಡೀ ಬೆಂಕಿಯ ಎದುರಿಗಿರುವವನಿಗೆ ಮತ್ತೆ ಕಾವು ಬೇಕೇ?

ಉತ್ತರ: ಬಹಳ ಸರಿಯಾದ ಪ್ರಶ್ನೆ ಕೇಳಿದ್ದೀರಿ. ಉತ್ತರ, ಬೇಕು. ಭಟ್ಟಿಯ ಝಳ ಒಣಬಿಸಿ. ಅದು ತೆರೆದ ಕಣ್ಣಿಗೆ ತಾಗಿ ಕಣ್ಣೀರನ್ನು ಆರಿಸುತ್ತದೆ, ರೆಪ್ಪೆಯೊಳಗಿನ ಎಣ್ಣೆಯನ್ನು ಕರಗಿಸಿ ಹೊರತರುವುದಿಲ್ಲ. ನಾವು ಹೇಳುವುದು ಮುಚ್ಚಿದ ರೆಪ್ಪೆಗೆ ಒದ್ದೆಬಟ್ಟೆಯ ಹದವಾದ ಬಿಸಿ. ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ಮೊದಲು ಸಾಬೂನಿನಿಂದ ಕೈಮುಖ ತೊಳೆದು, ಊಟಕ್ಕೆ ಮುಂಚೆ ಕಣ್ಣು ಸ್ವಲ್ಪ ತಣಿಯಲು ಬಿಟ್ಟು, ಮಲಗುವ ಹೊತ್ತಿಗೆ ಕಾವು ಕೊಟ್ಟು ನೀವಿ ತೊಳೆಯಿರಿ.

ಭಟ್ಟಿಯಲ್ಲಿ ಹೆಗಲ ಮೇಲಿರುವ ಟವೆಲ್ಲಿನಿಂದ ಕಣ್ಣೊರೆಸುವುದನ್ನು ಬಿಡಬೇಕು. ಹೊಟ್ಟು, ಮರಳು, ಮಸಿ ಎಲ್ಲವೂ ಅದರಲ್ಲಿರುತ್ತವೆ, ಒರೆಸಿದಂತೆಲ್ಲ ರೆಪ್ಪೆಯಂಚು ಗೀರಿಕೊಳ್ಳುತ್ತದೆ. ಕಣ್ಣಿಗಾಗಿಯೇ ಒಂದು ಶುಭ್ರವಾದ ಕರವಸ್ತ್ರವನ್ನು ಜೇಬಿನಲ್ಲಿಟ್ಟುಕೊಳ್ಳಿ. ಪಕ್ಕದಿಂದಲೂ ಮುಚ್ಚುವ ರಕ್ಷಣಾ ಕನ್ನಡಕ ಹಾರ್ಡ್‌ವೇರ್ ಅಂಗಡಿಗಳಲ್ಲಿ ದುಬಾರಿಯಲ್ಲದ ಬೆಲೆಗೆ ಸಿಗುತ್ತದೆ. ಬೆವರಿಗೆ ಮಂಜು ಕಟ್ಟುತ್ತದೆಂದು ಕೆಲಸಗಾರರು ತೆಗೆದಿಡುತ್ತಾರೆಂಬುದು ನನಗೆ ಗೊತ್ತು, ಆದ್ದರಿಂದ ಮೇಲ್ಗಡೆ ಗಾಳಿಯ ರಂಧ್ರಗಳಿರುವುದನ್ನು ಆರಿಸಿಕೊಳ್ಳಿ. ಹೊಗೆ ಹೊರಹೋಗುವಂತೆ ಕೊಳವೆಯನ್ನು ಎತ್ತರಿಸುವುದು ಮಾಲೀಕರ ಜವಾಬ್ದಾರಿ. ಅದನ್ನು ಕೇಳುವುದು ನಿಮ್ಮ ಹಕ್ಕು. ಬೀಡಿ ಸೇದುವ ಅಭ್ಯಾಸವಿದ್ದರೆ ಆ ಹೊಗೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಪದೇ ಪದೇ ಕಣ್ಣುಕುಟಿಕೆ ಏಳುತ್ತಿದ್ದರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಹರಿಹರದಿಂದ ಬರೆಯುತ್ತಿದ್ದೇನೆ. ರೆಪ್ಪೆಯ ಉರಿಗೆ ಮೀನೆಣ್ಣೆಯ ಮಾತ್ರೆ ಒಳ್ಳೆಯದೆಂದು ಹೇಳುತ್ತಾರೆ. ನಾವು ಸಸ್ಯಾಹಾರಿಗಳು, ಬದಲಿಗೆ ಅಗಸೆ ತಿನ್ನಬಹುದೇ?

ಉತ್ತರ: ಅಗಸೆ ಚಟ್ನಿಪುಡಿ ನಮ್ಮ ರೊಟ್ಟಿಯೂಟದ ಹಳೆಯ ಒಡನಾಡಿ, ಧಾರಾಳವಾಗಿ ತಿನ್ನಿ. ಅದರಲ್ಲಿ ಒಮೆಗಾ-3 ಬಗೆಯ ಕೊಬ್ಬು ಇದೆ, ಹುರಿದು ಪುಡಿಮಾಡಿದರೆ ಮೈಗೂ ಹಿಡಿಯುತ್ತದೆ. ಆದರೆ ಕಣ್ಣಿನ ಔಷಧಿಯೆಂದು ಭಾವಿಸಿ ತಿನ್ನುವುದಕ್ಕೆ ಆಧಾರ ಗಟ್ಟಿಯಾಗಿಲ್ಲ. ಅಮೆರಿಕದಲ್ಲಿ ಒಣಗಣ್ಣಿನ ತೊಂದರೆಯಿದ್ದ 535 ಜನರಿಗೆ ಒಂದು ವರ್ಷ ಕಾಲ, ಕೆಲವರಿಗೆ ದಿನಕ್ಕೆ 3 ಗ್ರಾಂ ಮೀನೆಣ್ಣೆಯ ಒಮೆಗಾ-3, ಉಳಿದವರಿಗೆ ಆಲಿವ್ ಎಣ್ಣೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರಿಗೆ ಸ್ವಲ್ಪ ಹಿತವಾಯಿತು, ಮೀನೆಣ್ಣೆಯಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ದುಬಾರಿ ಮಾತ್ರೆಗೆ ಹಣ ಹಾಕುವುದನ್ನು ನಾನು ಸಲಹೆ ಮಾಡುವುದಿಲ್ಲ. ಆ ಹಣದಲ್ಲಿ ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ಹಿರಿಯೂರಿನಲ್ಲಿ ನನ್ನ ಮೂರು ತಿಂಗಳ ಮೊಮ್ಮಗಳ ಎಡಗಣ್ಣಿನಲ್ಲಿ ಸದಾ ನೀರು, ಪಿಸುರು. ಕಣ್ಣು ತಂಪಾಗಲಿ, ದೃಷ್ಟಿಯೂ ತಾಗದಿರಲಿ ಎಂದು ಮನೆಯಲ್ಲೇ ಮಾಡಿದ ಕಾಡಿಗೆ ಹಚ್ಚುತ್ತಿದ್ದೇನೆ. ಸೊಸೆ ಬೇಡವೆನ್ನುತ್ತಾಳೆ.

ಉತ್ತರ: ಅಮ್ಮಾ, ಈ ವಿಷಯದಲ್ಲಿ ನಿಮ್ಮ ಸೊಸೆಯ ಮಾತೇ ಸರಿ. ಕಾಡಿಗೆಯ ಮಸಿ ರೆಪ್ಪೆಯ ಎಣ್ಣೆಗ್ರಂಥಿಗಳ ಬಾಯಿಯನ್ನು ಮುಚ್ಚುತ್ತದೆ, ಹಚ್ಚುವ ಬೆರಳಿನಿಂದ ಸೋಂಕು ತಗಲುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಸುರುಮಾ, ಕಾಡಿಗೆಗಳಲ್ಲಿ ಸೀಸವಿರುತ್ತದೆ, ಅದು ಮೈಗೆ ಸೇರಿದರೆ ಮಗುವಿನ ಮಿದುಳಿನ ಬೆಳವಣಿಗೆಗೆ ಹಾನಿ. ಈ ವಯಸ್ಸಿನಲ್ಲಿ ಒಂದು ಕಣ್ಣಿನಿಂದ ಸದಾ ನೀರು ಬರುವುದಕ್ಕೆ ಕಣ್ಣಿನಿಂದ ಮೂಗಿಗಿಳಿಯುವ ನಾಳ ಇನ್ನೂ ತೆರೆಯದಿರುವುದೇ ಸಾಮಾನ್ಯ ಕಾರಣ, ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿ ತೆರೆದುಕೊಳ್ಳುತ್ತದೆ. ಕಣ್ಣಿನ ಮೂಲೆಯಿಂದ ಮೂಗಿನ ಪಕ್ಕಕ್ಕೆ ಕೆಳಮುಖವಾಗಿ ಹೇಗೆ ನೀವಬೇಕೆಂದು ವೈದ್ಯರು ನಿಮ್ಮ ಕೈಹಿಡಿದು ತೋರಿಸಿಕೊಡುತ್ತಾರೆ, ಒಮ್ಮೆ ಮಗುವನ್ನು ಕರೆದೊಯ್ಯಿರಿ. ಕಣ್ಣು ಕೆಂಪಗಾದರೆ, ಬೆಳಕಿಗೆ ಮುಖ ಕಿವುಚಿದರೆ, ಕಪ್ಪುಗುಡ್ಡೆ ಮಂಜಾಗಿ ಅಥವಾ ದೊಡ್ಡದಾಗಿ ಕಂಡರೆ ಅದೇ ದಿನ ಹೋಗಬೇಕು. ಅಲ್ಲಿಯವರೆಗೆ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪಿಸುರನ್ನು ಒರೆಸಿದರೆ ಸಾಕು. ದೃಷ್ಟಿಬೊಟ್ಟನ್ನು ಮನೆಯ ದೀಪದ ಕಾಡಿಗೆಯಿಂದಲೇ ಮಗುವಿನ ಅಂಗಾಲಿಗೆ ಇಡಿ, ಅಲ್ಲಿ ಅದು ಕಣ್ಣಿಗೂ ತಾಗುವುದಿಲ್ಲ.